ಒಗರು ತೊಳೆದರೆ ಊಟ: ಕ್ಯಾಲಿಫೋರ್ನಿಯಾದ ಸದಾಹಸಿರು ಓಕ್ ಮರ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ಈ ಮರ ದಿನಾ ಕಣ್ಣಿಗೆ ಬೀಳುತ್ತದೆ. ಫ್ರೀಮಾಂಟ್, ಕುಪರ್ಟಿನೋ, ಸ್ಯಾನ್ ಹೋಸೆಯ ಬೀದಿ ಬದಿಯಲ್ಲಿದೆ, ಶಾಲೆಯ ಅಂಗಳದಲ್ಲಿದೆ, ಊರ ಹಿಂದಿನ ಗುಡ್ಡದ ಇಳಿಜಾರಿನಲ್ಲಿದೆ. ಬೇಸಿಗೆಯಲ್ಲಿ ಗುಡ್ಡದ ಹುಲ್ಲೆಲ್ಲ ಒಣಗಿ ಹಳದಿಯಾದಾಗಲೂ ಇದು ಕಡುಹಸಿರಾಗಿಯೇ ನಿಂತಿರುತ್ತದೆ. ಸೆಪ್ಟೆಂಬರ್ ಕಳೆದು ಅಕ್ಟೋಬರ್ ಬಂದರೆ ಚೂಪು ತುದಿಯ ಉದ್ದನೆಯ ಕಾಯಿಗಳು ಕಾರಿನ ಮೇಲೆ, ಕಾಲುದಾರಿಯ ಮೇಲೆ ಉದುರುತ್ತವೆ. ಬಹಳಷ್ಟು ಜನ ಅವನ್ನು ಎಲೆಕಸದ ಜೊತೆ ಗುಡಿಸಿ ಹಾಕುತ್ತಾರೆ. ಇದೇ ಕಾಯಿ ಸಾವಿರಾರು ವರ್ಷ ಇಲ್ಲಿನ ಮೂಲನಿವಾಸಿಗಳಿಗೆ ದಿನದ ಊಟವಾಗಿತ್ತು. ನಮಗೆ ರಾಗಿ, ಅಕ್ಕಿ, ಜೋಳ ಇದ್ದ ಜಾಗದಲ್ಲಿ ಅವರಿಗೆ ಇದು ಇತ್ತು.

ಆದರೆ ಈ ಕಾಯಿಯನ್ನು ಹಾಗೇ ಕಚ್ಚಿದರೆ ತಿನ್ನಲು ಆಗುವುದಿಲ್ಲ. ಕಹಿ, ಅದಕ್ಕಿಂತ ಜಾಸ್ತಿ ಒಗರು. ಬಾಯಿ ಒಣಗಿ ನಾಲಿಗೆ ದಪ್ಪವಾದ ಹಾಗಾಗುತ್ತದೆ. ಇಂಥ ಕಾಯಿಯನ್ನು ಲಕ್ಷಾಂತರ ಜನರ ಹೊಟ್ಟೆ ತುಂಬಿಸುವ ಧಾನ್ಯವನ್ನಾಗಿ ಮಾಡಿದ್ದು ಹೇಗೆ? ಅದರ ಹಿಂದೆ ರಸಾಯನಶಾಸ್ತ್ರವಿದೆ, ಕಲ್ಲಿನ ಕೆಲಸವಿದೆ, ಬುಟ್ಟಿ ಹೆಣೆಯುವ ಕೈಚಳಕವಿದೆ, ಕಾಡಿಗೆ ಹದವಾಗಿ ಬೆಂಕಿ ಇಡುವ ಜಾಣ್ಮೆಯೂ ಇದೆ. ಇದನ್ನು ‘ಕಾಡಲ್ಲಿ ಸಿಕ್ಕಿದ್ದನ್ನು ಆಯ್ದು ತಿನ್ನುವುದು’ ಎಂದು ಸುಮ್ನೆ ಒಂದು ಮಾತಿನಲ್ಲಿ ಮುಗಿಸಿಬಿಡುವುದು ಅನ್ಯಾಯ ಅಂತ ನನಗೆ ಅನಿಸುತ್ತದೆ. ಒಂದು ಬೆಳೆಗೆ ಬೇಕಾದಷ್ಟೇ ತಿಳಿವಳಿಕೆ, ಅಷ್ಟೇ ದುಡಿಮೆ ಇದಕ್ಕೂ ಬೇಕು.

ಮೊದಲು ಮರದ ಪರಿಚಯ

ಇಂಗ್ಲಿಷಿನಲ್ಲಿ ಇದನ್ನು ಕೋಸ್ಟ್ ಲೈವ್ ಓಕ್ ಎನ್ನುತ್ತಾರೆ. ವೈಜ್ಞಾನಿಕ ಹೆಸರು ಕ್ವರ್ಕಸ್ ಅಗ್ರಿಫೋಲಿಯಾ. ಉತ್ತರದಲ್ಲಿ ಮೆಂಡೊಸಿನೋ ಕೌಂಟಿಯಿಂದ ಹಿಡಿದು ದಕ್ಷಿಣದಲ್ಲಿ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಉತ್ತರ ಭಾಗದವರೆಗೆ ಬೆಳೆಯುತ್ತದೆ. ಸಮುದ್ರದ ಮಂಜು, ತಂಪುಗಾಳಿ ತಲುಪುವ ಕರಾವಳಿ ಪಟ್ಟಿಯೇ ಇದರ ಮನೆ. ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಹಾಗಾಗಿ ಮರದ ಮೈಕಟ್ಟೆಲ್ಲ ನೀರು ಉಳಿಸಲೆಂದೇ ಇದೆ. ಎಲೆ ಚಿಕ್ಕದು, ದಪ್ಪ, ಬಿರುಸು. ಅಂಚಿನಲ್ಲಿ ಸಣ್ಣ ಮುಳ್ಳುಗಳು. ಎಲೆಯ ಅಂಚು ಕೆಳಕ್ಕೆ ಬಾಗಿ ಮೇಲ್ಭಾಗ ಉಬ್ಬಿರುತ್ತದೆ. ಮರ ಗುರುತಿಸಲು ಒಂದು ಸುಲಭ ದಾರಿ ಇದೆ. ಎಲೆಯನ್ನು ತಿರುಗಿಸಿ ನೋಡಿ. ನಡುನರದಿಂದ ಪಕ್ಕದ ನರ ಕವಲೊಡೆಯುವ ಮೂಲೆಯಲ್ಲಿ ಪುಟ್ಟ ಕೂದಲ ಗೊಂಚಲು ಕಂಡರೆ ಇದೇ ಮರ.

ಸಾಮಾನ್ಯವಾಗಿ 10ರಿಂದ 25 ಮೀಟರ್ ಎತ್ತರ. ಎತ್ತರಕ್ಕಿಂತ ಅಗಲಕ್ಕೇ ಇದರ ಒಲವು. ಹಳೆಯ ಮರದ ಕೊಂಬೆಗಳು ಬಳುಕುತ್ತಾ ಬಂದು ನೆಲಕ್ಕೆ ತಾಗುವುದೂ ಉಂಟು. 250 ವರ್ಷ ದಾಟಿದ ಮರಗಳಿವೆ. ಫೆಬ್ರವರಿ–ಏಪ್ರಿಲ್ ಹೊತ್ತಿಗೆ ಹೂ ಬಿಡುತ್ತದೆ, ಗಾಳಿಯಲ್ಲೇ ಪರಾಗ ಹರಡುತ್ತದೆ. ಅದೇ ವರ್ಷದ ಶರತ್ಕಾಲಕ್ಕೆ ಕಾಯಿ ಬಲಿತು ಉದುರುತ್ತದೆ. ಇದರ ನೆಂಟರಾದ ಬ್ಲ್ಯಾಕ್ ಓಕ್ ಮುಂತಾದ ಮರಗಳಿಗೆ ಕಾಯಿ ಬಲಿಯಲು ಎರಡು ವರ್ಷ ಬೇಕು.

ಓಕ್ ಕಾಯಿಗೆ ಇಂಗ್ಲಿಷಿನಲ್ಲಿ ಏಕಾರ್ನ್ ಎಂದು ಹೆಸರು. ಕರ್ನಾಟಕದಲ್ಲಿ ಇದನ್ನು ನೋಡಿ ಬೆಳೆದವರು ಯಾರೂ ಇಲ್ಲ, ಯಾಕೆಂದರೆ ಪಶ್ಚಿಮ ಘಟ್ಟದಲ್ಲಾಗಲಿ, ದಕ್ಷಿಣ ಭಾರತದ ಬೇರೆ ಕಾಡುಗಳಲ್ಲಾಗಲಿ ಓಕ್ ಸಹಜವಾಗಿ ಬೆಳೆಯುವುದಿಲ್ಲ. ಭಾರತದ ಓಕ್‌ಗಳು ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೆಯಲ್ಲ ಎಂದು ಕೇಳಬಹುದು. ಅದರ ಹೆಸರಿನಲ್ಲಿ ಮಾತ್ರ ಓಕ್ ಇದೆ. ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಕುಟುಂಬದ ಮರ. ಅದರಲ್ಲಿ ಏಕಾರ್ನ್ ಬಿಡುವುದಿಲ್ಲ.

ಇಲ್ಲಿನ ಊರುಗಳ ಹೆಸರಿನಲ್ಲೂ ಈ ಮರ ಕೂತಿದೆ. ಸ್ಪೇನಿನಿಂದ ಬಂದವರು ತಮ್ಮ ನಾಡಿನ ಸದಾಹಸಿರು ಓಕ್ ಅನ್ನು ಎನ್ಸಿನಾ ಎನ್ನುತ್ತಿದ್ದರು. ಇಲ್ಲಿ ಅಂಥದ್ದೇ ಮರ ಕಂಡು ಅದೇ ಹೆಸರು ಕೊಟ್ಟರು. ದಕ್ಷಿಣದ ಎನ್ಸಿನೋ, ಎನ್ಸಿನಿಟಾಸ್ ಊರುಗಳ ಹೆಸರು ಹುಟ್ಟಿದ್ದು ಹಾಗೆ. 1852ರಲ್ಲಿ ಓಕ್‌ಲ್ಯಾಂಡ್ ಊರಾದಾಗ ಆ ನೆಲದ ತುಂಬ ಇದ್ದದ್ದೂ ಇದೇ ಮರ.

ಒಗರು ಎಲ್ಲಿಂದ ಬರುತ್ತದೆ

ಕಾಯಿಯ ಒಳಗಿನ ತಿರುಳಿನಲ್ಲಿ ಆಹಾರ ಚೆನ್ನಾಗಿಯೇ ಇದೆ. ಒಣಗಿದ 100 ಗ್ರಾಂ ತಿರುಳಿನಲ್ಲಿ ಸುಮಾರು 55 ಗ್ರಾಂ ಪಿಷ್ಟ ಮತ್ತು ಸಕ್ಕರೆ, 17 ಗ್ರಾಂನಷ್ಟು ಕೊಬ್ಬು, 6 ಗ್ರಾಂನಷ್ಟು ಪ್ರೋಟೀನ್ ಸಿಗುತ್ತದೆ. ಕೊಬ್ಬಿನ ಲೆಕ್ಕ ಗಮನಿಸಿ. ಅಕ್ಕಿ, ರಾಗಿಯಲ್ಲಿ ಕೊಬ್ಬು ತೀರಾ ಕಡಿಮೆ. ಏಕಾರ್ನ್ ಒಂದೇ ಕಾಯಿಯಲ್ಲಿ ಪಿಷ್ಟವನ್ನೂ ಎಣ್ಣೆಯನ್ನೂ ಕೊಡುತ್ತದೆ. ಚಳಿಗಾಲ ಕಳೆಯಲು ಇದಕ್ಕಿಂತ ಬೇಕೇ?

ತೊಂದರೆ ಇರುವುದು ಟ್ಯಾನಿನ್‌ನಲ್ಲಿ. ಮಲೆನಾಡಿನವರಿಗೆ ಇದು ಹೊಸದಲ್ಲ. ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರಿನಲ್ಲಿ ಇರುವುದೂ ಬಹುಪಾಲು ಇದೇ ಬಗೆಯ ವಸ್ತು. ಟ್ಯಾನಿನ್‌ಗೆ ಒಂದು ಗುಣವಿದೆ, ಪ್ರೋಟೀನ್ ಕಂಡರೆ ಹೋಗಿ ಅಂಟಿಕೊಳ್ಳುತ್ತದೆ. ನಮ್ಮ ಜೊಲ್ಲಿನಲ್ಲಿ ಬಾಯನ್ನು ನುಣುಪಾಗಿಡುವ ಪ್ರೋಟೀನ್‌ಗಳಿವೆ. ಟ್ಯಾನಿನ್ ಅವನ್ನು ಹಿಡಿದು ಗಂಟುಕಟ್ಟಿಸಿದಾಗ ಬಾಯಿ ನುಣುಪು ಕಳೆದುಕೊಳ್ಳುತ್ತದೆ. ಒಗರು ಅಂತ ನಮಗೆ ಅನಿಸುವುದು ಆ ಒರಟುತನವೇ. ಹೊಟ್ಟೆಗೆ ಹೋದ ಮೇಲೂ ಟ್ಯಾನಿನ್ ಸುಮ್ಮನಿರುವುದಿಲ್ಲ. ಊಟದ ಪ್ರೋಟೀನ್ ಜೀರ್ಣವಾಗದಂತೆ ಕಟ್ಟಿಹಾಕುತ್ತದೆ. ಹಸಿ ಏಕಾರ್ನ್ ವಿಪರೀತ ತಿಂದ ದನಗಳ ಮೂತ್ರಪಿಂಡ ಹಾಳಾಗಿ ಸಾಯುವುದೂ ಉಂಟು. ಮರಕ್ಕೆ ಇದು ರಕ್ಷಣೆ. ಎಲ್ಲರೂ ಎಲ್ಲ ಕಾಯಿಯನ್ನೂ ತಿಂದು ಮುಗಿಸಿದರೆ ಹೊಸ ಗಿಡ ಹುಟ್ಟುವುದು ಹೇಗೆ?

ಮನುಷ್ಯರಿಗೆ ಸಿಕ್ಕ ದಾರಿ ಏನೆಂದರೆ, ಟ್ಯಾನಿನ್ ನೀರಿನಲ್ಲಿ ಕರಗುತ್ತದೆ, ಪಿಷ್ಟ ತಣ್ಣೀರಿನಲ್ಲಿ ಕರಗುವುದಿಲ್ಲ. ಎಣ್ಣೆಯೂ ಕರಗುವುದಿಲ್ಲ. ಕಾಯಿಯನ್ನು ಪುಡಿ ಮಾಡಿ ನೀರು ಹಾಯಿಸುತ್ತಾ ಹೋದರೆ ಒಗರು ಹೊರಗೆ ಹೋಗುತ್ತದೆ, ಊಟ ಒಳಗೆ ಉಳಿಯುತ್ತದೆ. ಎಷ್ಟು ನುಣ್ಣಗೆ ಪುಡಿ ಮಾಡಿದರೆ ನೀರಿಗೆ ಅಷ್ಟು ಹೆಚ್ಚು ಮೈ ಸಿಗುತ್ತದೆ, ಕೆಲಸ ಅಷ್ಟು ಬೇಗ ಮುಗಿಯುತ್ತದೆ. ಇನ್ನು ಮುಂದೆ ಹೇಳುವ ಕುಟ್ಟುವುದು, ಜರಡಿ ಹಿಡಿಯುವುದು, ತೊಳೆಯುವುದು ಎಲ್ಲವೂ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಮರದಿಂದ ಕಣಜಕ್ಕೆ

ಶರತ್ಕಾಲದಲ್ಲಿ ಮೊದಲು ಉದುರುವ ಕಾಯಿಗಳನ್ನು ಬಲ್ಲವರು ಆಯುವುದಿಲ್ಲ. ಅವುಗಳಲ್ಲಿ ಬಹಳಷ್ಟಕ್ಕೆ ಹುಳ ಹಿಡಿದಿರುತ್ತದೆ. ಉದ್ದ ಮೂತಿಯ ಒಂದು ಜಾತಿಯ ಮೂತಿಹುಳ ಎಳೆಕಾಯಿಯಲ್ಲಿ ತೂತು ಕೊರೆದು ಮೊಟ್ಟೆ ಇಡುತ್ತದೆ. ಮರಿಹುಳ ಒಳಗೇ ತಿರುಳು ತಿಂದು ಬೆಳೆದು, ಕಾಯಿ ನೆಲಕ್ಕೆ ಬಿದ್ದ ಮೇಲೆ ದುಂಡನೆಯ ತೂತು ಮಾಡಿ ಹೊರಬಂದು ಮಣ್ಣಿಗೆ ಸೇರುತ್ತದೆ. ಹಾಗಾಗಿ ಜನ ಎರಡನೇ ಸುತ್ತಿನ ಒಳ್ಳೆಯ ಕಾಯಿ ಬೀಳುವವರೆಗೆ ಕಾಯುತ್ತಿದ್ದರು, ಇಲ್ಲವೇ ಕೋಲಿನಿಂದ ಬಡಿದು ಬೀಳಿಸುತ್ತಿದ್ದರು. ಇಡೀ ಮನೆಯವರು, ಮಕ್ಕಳು ಮುದುಕರಾದಿಯಾಗಿ, ಕೆಲವು ವಾರ ಇದೇ ಕೆಲಸದಲ್ಲಿ ಇರುತ್ತಿದ್ದರು.

ಅವಸರಕ್ಕೆ ಕಾರಣವಿದೆ. ಜಿಂಕೆ, ಅಳಿಲು, ಕರಡಿ ಎಲ್ಲವೂ ಇದೇ ಕಾಯಿಗೆ ಕಾದಿರುತ್ತವೆ. ಏಕಾರ್ನ್ ಮರಕುಟಿಗ ಎಂಬ ಹಕ್ಕಿಯಂತೂ ಒಣಮರದಲ್ಲಿ ಸಾವಿರಾರು ತೂತು ಕೊರೆದು ಒಂದೊಂದರಲ್ಲೂ ಒಂದೊಂದು ಕಾಯಿ ತುರುಕಿ ಕೂಡಿಡುತ್ತದೆ. ಸ್ಕ್ರಬ್ ಜೇ ಎಂಬ ನೀಲಿ ಹಕ್ಕಿ ನೆಲದಲ್ಲಿ ಹೂತಿಟ್ಟು, ಅದರಲ್ಲಿ ಕೆಲವನ್ನು ತೆಗೆಯದೇ ಬಿಟ್ಟು, ತಿಳಿಯದೆಯೇ ಹೊಸ ಮರ ನೆಡುತ್ತದೆ.

ಇನ್ನೊಂದು ಕಷ್ಟವೆಂದರೆ ಓಕ್ ಮರ ಎಲ್ಲ ವರ್ಷವೂ ಒಂದೇ ಸಮ ಕಾಯಿ ಕೊಡುವುದಿಲ್ಲ. ಒಂದು ವರ್ಷ ನೆಲ ಕಾಣದಷ್ಟು ಉದುರಿದರೆ ಮರುವರ್ಷ ಬೆರಳೆಣಿಕೆ. ಸುತ್ತಮುತ್ತಲ ಒಂದೇ ಜಾತಿಯ ಮರಗಳೆಲ್ಲ ಒಟ್ಟಿಗೇ ಹೀಗೆ ಮಾಡುತ್ತವೆ. ಕಾರ್ಮೆಲ್ ಕಣಿವೆಯ ಹೇಸ್ಟಿಂಗ್ಸ್ ಸಂಶೋಧನಾ ಕೇಂದ್ರದಲ್ಲಿ 1980ರಿಂದ ಇದರ ಲೆಕ್ಕ ಇಡುತ್ತಾ ಬಂದಿದ್ದಾರೆ. ಊಟಕ್ಕೆ ಇದನ್ನೇ ನಂಬಿದವರಿಗೆ ಇದು ದೊಡ್ಡ ಅಪಾಯ, ಅಲ್ವಾ? ಅವರ ಉಪಾಯ ಎರಡು. ಒಂದು, ಬೇರೆ ಬೇರೆ ಜಾತಿಯ ಓಕ್‌ಗಳನ್ನು ಬಳಸುವುದು. ಕರಾವಳಿಯ ಸದಾಹಸಿರು ಮರ ಕೈಕೊಟ್ಟ ವರ್ಷ ಬೆಟ್ಟದ ಬ್ಲ್ಯಾಕ್ ಓಕ್ ಕೈಹಿಡಿಯಬಹುದು. ಇನ್ನೊಂದು, ಒಂದು ವರ್ಷಕ್ಕೂ ಮೀರಿ ಕೂಡಿಡುವುದು.

ಕೂಡಿಡಲು ಕಾಯಿಯನ್ನು ಮೊದಲು ಚೆನ್ನಾಗಿ ಒಣಗಿಸಬೇಕು. ಹಸಿ ಇದ್ದರೆ ಬೂಸ್ಟು ಹಿಡಿಯುತ್ತದೆ, ಇಲ್ಲವೇ ಮೊಳೆಯುತ್ತದೆ. ಒಣಗಿದ ಕಾಯಿಯನ್ನು ಸಿಪ್ಪೆ ಸಮೇತ ಕಣಜಕ್ಕೆ ತುಂಬುತ್ತಿದ್ದರು. ದಕ್ಷಿಣದ ಜನ ವಿಲೋ ಕಡ್ಡಿಗಳಿಂದ ದೊಡ್ಡ ಹಕ್ಕಿಗೂಡಿನ ಆಕಾರದ ಕಣಜ ಹೆಣೆದು ಬಂಡೆ ಅಥವಾ ಅಟ್ಟಣಿಗೆಯ ಮೇಲೆ ಇಡುತ್ತಿದ್ದರು. ಕೆಳಗಿನಿಂದ ಇಲಿ ಬರಬಾರದು, ಸುತ್ತ ಗಾಳಿ ಆಡಬೇಕು. ಮಿವೋಕ್ ಜನರ ಎತ್ತರದ ಕಣಜಗಳಿಗೆ ಒಳಗಡೆ ಘಾಟು ವಾಸನೆಯ ಮಾಚಿಪತ್ರೆಯ ಜಾತಿಯ ಗಿಡ ಹಾಸುತ್ತಿದ್ದರು, ಹುಳ ಬಾರದಿರಲಿ ಎಂದು.

ಕುಟ್ಟುವ ಬಂಡೆ

ಒಡೆಯುವುದು ಸುಲಭ. ಕಲ್ಲಿನ ಮೇಲೆ ಕಾಯಿ ನಿಲ್ಲಿಸಿ ಇನ್ನೊಂದು ಕಲ್ಲಿನಿಂದ ತುದಿಗೆ ಹೊಡೆದರೆ ಚಿಪ್ಪು ಬಿಡುತ್ತದೆ. ಆದರೆ ತಿರುಳಿಗೆ ಅಂಟಿದ ತೆಳು ಸಿಪ್ಪೆ ಹೋಗದಿದ್ದರೆ ಹಿಟ್ಟು ಕಹಿ. ಅದಕ್ಕೆ ತಿರುಳನ್ನು ಉಜ್ಜಿ, ಮೊರದಂಥ ಬುಟ್ಟಿಯಲ್ಲಿ ಕೇರಿ, ಸಿಪ್ಪೆ ಹಾರಿಸುತ್ತಿದ್ದರು.

ಆಮೇಲೆ ಒರಳು. ಹೆಚ್ಚಿನ ಕಡೆ ಒರಳು ಎಂದರೆ ಬಯಲಿನ ಬಂಡೆಯೇ. ತಲೆಮಾರುಗಳ ಕಾಲ ಅದೇ ಜಾಗದಲ್ಲಿ ಕಲ್ಲಿನ ಒನಕೆಯಿಂದ ಕುಟ್ಟಿ ಕುಟ್ಟಿ ಬಂಡೆಯಲ್ಲಿ ಗುಳಿ ಬಿದ್ದಿದೆ. ಸಿಯೆರಾ ಬೆಟ್ಟಗಳ ತಪ್ಪಲಲ್ಲಿ, ಅಮಡೋರ್ ಕೌಂಟಿಯ ಪೈನ್ ಗ್ರೋವ್ ಬಳಿ, ಚೌಸೆ ಎಂಬ ಒಂದು ಬಂಡೆಹಾಸು ಇದೆ. ಅಲ್ಲಿ 1,185 ಗುಳಿಗಳಿವೆ. ಹೆಂಗಸರು ಪಕ್ಕಪಕ್ಕ ಕೂತು, ಮಾತಾಡುತ್ತಾ, ಹಾಡುತ್ತಾ ಕುಟ್ಟಿದ ಜಾಗ. ಅಲ್ಲಿನ ಓಕ್ ಬೇರೆ ಜಾತಿಯದು, ಕೆಲಸ ಒಂದೇ. ಬೇ ಏರಿಯಾದವರಿಗೆ ಇನ್ನೂ ಹತ್ತಿರ ಬೇಕೆಂದರೆ ಗಿಲ್‌ರಾಯ್ ಸಮೀಪದ ಚಿಟಾಕ್ಟಾಕ್-ಆಡಮ್ಸ್ ಪಾರ್ಕಿನಲ್ಲಿ ಹೊಳೆಯ ಪಕ್ಕ ಇಂಥ ಗುಳಿಗಳನ್ನು ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ಅಮೆರಿಕದ ಇತಿಹಾಸ 250 ವರ್ಷದ್ದು ಎಂದು ಶಾಲೆಯಲ್ಲಿ ಕೇಳಿ ಬಂದವರಿಗೆ ಆ ಗುಳಿಗಳು ಬೇರೆ ಮಾತು ಹೇಳುತ್ತವೆ.

ಒರಳು ಆಳವಿಲ್ಲದಿದ್ದರೆ ಕುಟ್ಟುವಾಗ ಪುಡಿ ಹೊರಗೆ ಚಿಮ್ಮುತ್ತದೆ. ಚುಮಾಶ್ ಮುಂತಾದ ಕರಾವಳಿಯ ಜನ ತಳವಿಲ್ಲದ ಬುಟ್ಟಿಯನ್ನು ನೆಲದಲ್ಲೇ ಸಿಗುವ ಟಾರಿನಿಂದ ಒರಳಿನ ಬಾಯಿಗೆ ಅಂಟಿಸಿ ಈ ತೊಂದರೆ ಕಳೆದುಕೊಂಡರು. ಜರಡಿ ಹಿಡಿಯುವ ಬಗೆ ಇನ್ನೂ ಚೆಂದ. ಚಪ್ಪಟೆ ಬುಟ್ಟಿಯಲ್ಲಿ ಹಿಟ್ಟು ಹಾಕಿ ವಾಲಿಸಿ ತಟ್ಟಿದರೆ ತರಿ ಕೆಳಗೆ ಉರುಳುತ್ತದೆ. ನುಣ್ಣನೆ ಹಿಟ್ಟಿನಲ್ಲಿ ಎಣ್ಣೆ ಇರುವುದರಿಂದ ಅದು ಬುಟ್ಟಿಯ ಹೆಣಿಗೆಗೆ ಅಂಟಿ ನಿಲ್ಲುತ್ತದೆ. ಅದನ್ನು ಸೋಪ್‌ರೂಟ್ ಎಂಬ ಗೆಡ್ಡೆಯ ನಾರಿನ ಬ್ರಷ್‌ನಿಂದ ಗುಡಿಸಿ ತೆಗೆಯುತ್ತಾರೆ. ತರಿ ಮತ್ತೆ ಒರಳಿಗೆ.

ನೀರಿನ ಕೆಲಸ

ಇಡೀ ಅಡುಗೆಯಲ್ಲಿ ನನಗೆ ಅತಿ ಇಷ್ಟವಾಗುವ ಹಂತ ಇದು. ಹೊಳೆಯ ದಡದ ಶುದ್ಧ ಮರಳಿನಲ್ಲಿ ಅಗಲವಾದ, ಆಳವಿಲ್ಲದ ಗುಂಡಿ ಮಾಡುತ್ತಾರೆ. ಅದರಲ್ಲಿ ಹಿಟ್ಟನ್ನು ತೆಳ್ಳಗೆ ಹರಡುತ್ತಾರೆ. ಮೇಲಿಂದ ನೀರು ಸುರಿಯಬೇಕು, ಆದರೆ ರಭಸವಾಗಿ ಬಿದ್ದರೆ ಹಿಟ್ಟು ಕದಡಿ ಮರಳಿನ ಜೊತೆ ಸೇರಿಹೋಗುತ್ತದೆ. ಅದಕ್ಕೆ ಎಲೆಗೊಂಚಲನ್ನು ಅಡ್ಡ ಹಿಡಿದು ಅದರ ಮೇಲೆ ನೀರು ಹೊಯ್ಯುತ್ತಾರೆ. ನೀರು ಮೆಲ್ಲಗೆ ಇಳಿದು, ಹಿಟ್ಟಿನ ಮೂಲಕ ಹಾದು, ಒಗರನ್ನು ಹೊತ್ತುಕೊಂಡು ಮರಳಿನಲ್ಲಿ ಇಂಗುತ್ತದೆ. ಒಂದು ಸಲ ನೀರು ಇಂಗಿದ ಮೇಲೆ ಇನ್ನೊಂದು ಸಲ. ಹೀಗೆ ಹಲವು ಸಲ. ಕೆಲವರು ತಣ್ಣೀರಿನಿಂದ ಶುರು ಮಾಡಿ ಆಮೇಲೆ ಬೆಚ್ಚಗಿನ ನೀರು ಹಾಕುತ್ತಿದ್ದರು, ಅದರಿಂದ ಒಗರು ಬೇಗ ಬಿಡುತ್ತದೆ.

ಮುಗಿಯಿತೆಂದು ತಿಳಿಯುವುದು ನಾಲಿಗೆಯಿಂದಲೇ. ಚಿಟಿಕೆ ಹಿಟ್ಟು ಬಾಯಿಗೆ ಹಾಕಿ ನೋಡುತ್ತಾರೆ. ಒಗರು ಇದ್ದರೆ ಇನ್ನೂ ನೀರು. ಒದ್ದೆ ಹಿಟ್ಟನ್ನು ಕೈಯಿಂದ ಒತ್ತಿ ಎತ್ತಿದರೆ ಮೇಲಿನ ಪದರ ಶುಭ್ರವಾಗಿ ಬರುತ್ತದೆ. ಮರಳು ಅಂಟಿದ ತಳದ ಪದರವನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ಹಿಟ್ಟಿನ ನೀರನ್ನು ಬಸಿದುಕೊಳ್ಳುತ್ತಾರೆ. ಯಾವುದೂ ಹಾಳಾಗುವುದಿಲ್ಲ.

ತಣ್ಣೀರು, ಬಿಸಿನೀರಿನ ವ್ಯತ್ಯಾಸ ಇಲ್ಲಿ ಮುಖ್ಯ. ಕುದಿಯುವ ನೀರಿನಲ್ಲಿ ಬೇಯಿಸಿ, ನೀರು ಚೆಲ್ಲಿ, ಮತ್ತೆ ಬೇಯಿಸಿದರೂ ಒಗರು ಹೋಗುತ್ತದೆ, ಅದೂ ಕೆಲವೇ ಗಂಟೆಯಲ್ಲಿ. ಆದರೆ ಪಿಷ್ಟ ಅಲ್ಲೇ ಬೆಂದುಹೋಗುತ್ತದೆ, ಎಣ್ಣೆಯೂ ಒಂದಷ್ಟು ತೇಲಿ ಹೋಗುತ್ತದೆ. ಅಂಥ ಹಿಟ್ಟಿಗೆ ಆಮೇಲೆ ಅಂಟು ಬರುವುದಿಲ್ಲ. ತಣ್ಣೀರಿನಲ್ಲಿ ತೊಳೆದ ಹಿಟ್ಟಿನ ಪಿಷ್ಟ ಹಸಿಯಾಗೇ ಉಳಿದು, ಅಂಬಲಿ ಕಾಯಿಸುವಾಗ ಚೆನ್ನಾಗಿ ಗಟ್ಟಿಯಾಗುತ್ತದೆ.

ಹೊಳೆ, ಮರಳು, ಒರಳು ಯಾವುದೂ ಬೇಡದ ಇನ್ನೊಂದು ದಾರಿಯೂ ಇತ್ತು. ಉತ್ತರದ ಕೆಲವು ಜನ ಇಡೀ ಕಾಯಿಯನ್ನೇ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಹೂತಿಡುತ್ತಿದ್ದರು. ನೆಲದ ನೀರೇ ಮೆಲ್ಲಗೆ ಒಗರು ತೆಗೆಯುತ್ತಿತ್ತು. ಪೋಮೋ ಜನರದ್ದು ಮತ್ತೂ ಬೇರೆ. ಅವರು ಏಕಾರ್ನ್ ಹಿಟ್ಟಿಗೆ ಕೆಂಪು ಜೇಡಿಮಣ್ಣು ಕಲಸಿ, ನೆಲದೊಳಗಿನ ಬಿಸಿ ಒಲೆಯಲ್ಲಿ ರಾತ್ರಿಯಿಡೀ ಬೇಯಿಸಿ ಕಪ್ಪು ರೊಟ್ಟಿ ಮಾಡುತ್ತಿದ್ದರು. ಮಣ್ಣು ತಿನ್ನುವುದೇ ಎಂದು ಮೂಗು ಮುರಿಯಬೇಡಿ. ಜೇಡಿಮಣ್ಣಿನ ಕಣಗಳು ಟ್ಯಾನಿನ್ ಅನ್ನು ತಮ್ಮ ಮೈಗೆ ಹಿಡಿದುಕೊಳ್ಳುತ್ತವೆ, ಆಗ ಅದು ನಾಲಿಗೆಗೂ ಹೊಟ್ಟೆಗೂ ಸಿಗುವುದಿಲ್ಲ. ಆಶ್ಚರ್ಯವೆಂದರೆ ಸಾವಿರಾರು ಮೈಲಿ ದೂರದ ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಅಲ್ಲಿನ ಸದಾಹಸಿರು ಓಕ್ ಕಾಯಿಯಿಂದ ರೊಟ್ಟಿ ಮಾಡುವಾಗಲೂ ಜೇಡಿಮಣ್ಣು ಹಾಕುತ್ತಿದ್ದರು. ಒಬ್ಬರಿಂದ ಇನ್ನೊಬ್ಬರು ಕಲಿತದ್ದಲ್ಲ. ಎರಡೂ ಕಡೆ ತಾವೇ ಕಂಡುಕೊಂಡದ್ದು.

ಬುಟ್ಟಿಯಲ್ಲಿ ಅಡುಗೆ

ಬೇಯಿಸುವ ಪಾತ್ರೆಯೂ ಬುಟ್ಟಿಯೇ. ನೀರು ಸೋರದಷ್ಟು ಬಿಗಿಯಾಗಿ ಹೆಣೆದ ಬುಟ್ಟಿ. ಅದರಲ್ಲಿ ಹಿಟ್ಟು ಮತ್ತು ನೀರು ಕಲಸಿ ಇಡುತ್ತಾರೆ. ಬುಟ್ಟಿಯನ್ನು ಬೆಂಕಿಯ ಮೇಲೆ ಇಡಲಾಗದು, ಹಾಗಾಗಿ ಬೆಂಕಿಯ ಬಿಸಿಯನ್ನೇ ಒಳಗೆ ತರುತ್ತಾರೆ. ಒಡೆಯದ ಜಾತಿಯ ಕಲ್ಲುಗಳನ್ನು ಕೆಂಡದಲ್ಲಿ ಕಾಯಿಸಿ, ಬೂದಿ ಹೋಗಲೆಂದು ಬೇಗ ನೀರಿನಲ್ಲಿ ಅದ್ದಿ ತೆಗೆದು, ಬುಟ್ಟಿಗೆ ಹಾಕುತ್ತಾರೆ. ಬಾಗಿಸಿ ಮಾಡಿದ ಕೋಲಿನಿಂದ ಕಲ್ಲನ್ನು ಒಂದೇ ಕಡೆ ನಿಲ್ಲಲು ಬಿಡದೆ ತಿರುಗಿಸುತ್ತಲೇ ಇರಬೇಕು. ನಿಂತರೆ ಬುಟ್ಟಿ ಸುಡುತ್ತದೆ. ಸ್ವಲ್ಪ ಹೊತ್ತಿಗೇ ಅಂಬಲಿ ಕೊತಕೊತ ಕುದಿಯುತ್ತದೆ.

ಎಲ್ಲರೂ ಬುಟ್ಟಿಯನ್ನೇ ಬಳಸಲಿಲ್ಲ. ದಕ್ಷಿಣದ ಕುಮಿಯಾಯ್, ಕಹುಇಯಾ ಜನ ಮಣ್ಣಿನ ಮಡಕೆ ಮಾಡುತ್ತಿದ್ದರು. ಚುಮಾಶ್ ಮತ್ತು ಟೊಂಗ್ವಾ ಜನರಿಗೆ ಸಾಂತಾ ಕ್ಯಾಟಲಿನಾ ದ್ವೀಪದ ಬಳಪದ ಕಲ್ಲಿನ ಪಾತ್ರೆಗಳಿದ್ದವು. ಬಳಪದ ಕಲ್ಲು ಬೆಂಕಿಗೆ ಸೀಳುವುದಿಲ್ಲ, ಕೆತ್ತಲೂ ಮೃದು. ಹೊಯ್ಸಳರ ಶಿಲ್ಪಿಗಳು ಬೇಲೂರಿನಲ್ಲಿ ಅಷ್ಟು ಸೂಕ್ಷ್ಮ ಕೆತ್ತನೆ ಮಾಡಲು ಆದದ್ದೂ ಇದೇ ಬಗೆಯ ಕಲ್ಲಿನಿಂದ.

ತೆಳ್ಳಗೆ ಮಾಡಿದರೆ ಕುಡಿಯುವ ಅಂಬಲಿ, ಗಟ್ಟಿ ಮಾಡಿದರೆ ಆರಿದ ಮೇಲೆ ಹೋಳು ಮಾಡಬಹುದಾದ ತಿನಿಸು. ಲೂಯಿಸೆನ್ಯೋ ಜನ ಇದನ್ನು ವೀವಿಶ್ ಎನ್ನುತ್ತಾರೆ, ಕುಮಿಯಾಯ್ ಜನ ಶಾವೀ ಎನ್ನುತ್ತಾರೆ. ಉಪ್ಪು ಹಾಕುವ ರೂಢಿ ಇಲ್ಲ. ಸಪ್ಪೆ ಎನ್ನುವವರು ಅದನ್ನು ಒಂದೇ ತಿಂದಿರುತ್ತಾರೆ. ಮುದ್ದೆಯನ್ನು ಸಾರಿಲ್ಲದೆ ತಿಂದು ಸಪ್ಪೆ ಎಂದ ಹಾಗೆ ಅದು. ಮಾಂಸ, ಮೀನು, ಸೊಪ್ಪು, ಚಿಯಾ ಬೀಜ, ಕಾಡುಹಣ್ಣುಗಳ ಜೊತೆ ಉಣ್ಣುವ ಊಟ ಇದು. ಬಾಯಿಗೆ ನುಣುಪು, ಸ್ವಲ್ಪ ಎಣ್ಣೆಯ ಜಿಡ್ಡು, ಹುರಿದ ಬೀಜದ ಘಮ.

ಬೆಂಕಿ, ಕಾನೂನು, ಮರೆವು

ಈ ಕಾಡುಗಳು ತಾವಾಗೇ ಹೀಗೆ ಇದ್ದವು ಎಂದು ಮೊದಲು ಬಂದ ಯೂರೋಪಿನವರು ತಿಳಿದರು. ಉದ್ಯಾನದ ಹಾಗೆ ದೂರದೂರಕ್ಕೆ ದೊಡ್ಡ ಮರ, ಕೆಳಗೆ ಹುಲ್ಲು. ಆದರೆ ಅದರ ಹಿಂದೆ ಕೈ ಇತ್ತು. ಮೂಲನಿವಾಸಿಗಳು ಮರದ ಕೆಳಗೆ ಆಗಾಗ ಸಣ್ಣ ಬೆಂಕಿ ಹಚ್ಚುತ್ತಿದ್ದರು. ನೆಲದ ತರಗು ಸುಟ್ಟು, ಅದರೊಳಗಿನ ಹುಳಗಳೂ ಸಾಯುತ್ತಿದ್ದವು. ಮುಂದಿನ ವರ್ಷದ ಕಾಯಿ ಆಯಲು ನೆಲ ಸಾಫಾಗುತ್ತಿತ್ತು. ಪೊದೆ ಬೆಳೆದು ದೊಡ್ಡ ಬೆಂಕಿಗೆ ಮೇವಾಗುವುದೂ ತಪ್ಪುತ್ತಿತ್ತು. ಈ ಮರದ ತೊಗಟೆ ದಪ್ಪ. ಸಣ್ಣ ಬೆಂಕಿ ಅದನ್ನು ಕೊಲ್ಲುವುದಿಲ್ಲ. ಕೊಂಬೆ ಸುಟ್ಟರೂ ಮತ್ತೆ ಚಿಗುರುತ್ತದೆ.

1769ರಲ್ಲಿ ಸ್ಯಾನ್ ಡಿಯೇಗೋದಲ್ಲಿ ಸ್ಪ್ಯಾನಿಷ್ ಪಾದ್ರಿಗಳ ಮೊದಲ ಮಿಷನ್ ಶುರುವಾಯಿತು. 1823ರ ಹೊತ್ತಿಗೆ ಕರಾವಳಿಯುದ್ದಕ್ಕೂ 21 ಮಿಷನ್‌ಗಳಾದವು. ಅಲ್ಲಿಗೆ ಸೇರಿಸಿದ ಜನರನ್ನು ಗೋಧಿ, ದನಗಳ ಕೆಲಸಕ್ಕೆ ಹಚ್ಚಿದರು. ಹೊರಗಿನಿಂದ ಬಂದ ರೋಗಗಳಿಗೆ ಊರೂರೇ ಬರಿದಾದವು. ದನ, ಹಂದಿಗಳು ಏಕಾರ್ನ್ ಮೇದವು, ಎಳೆಯ ಓಕ್ ಗಿಡಗಳನ್ನೂ ಮೇದವು. 1848ರಲ್ಲಿ ಚಿನ್ನ ಸಿಕ್ಕಿತು, ಜನ ನುಗ್ಗಿದರು, ಕೊಲೆಗಳಾದವು. 1850ರಲ್ಲಿ ಹೊಸ ರಾಜ್ಯ ಮಾಡಿದ ಒಂದು ಕಾನೂನಿನ ಹೆಸರಿನಲ್ಲಿ ಮೂಲನಿವಾಸಿಗಳ ‘ರಕ್ಷಣೆ’ ಎಂದಿತ್ತು. ಅದೇ ಕಾನೂನು ಅವರು ಹುಲ್ಲುಗಾವಲಿಗೆ ಬೆಂಕಿ ಹಚ್ಚುವುದನ್ನು ಅಪರಾಧ ಮಾಡಿತು, ಅವರ ಮಕ್ಕಳನ್ನು ಬಿಳಿಯರ ಮನೆಗಳಲ್ಲಿ ದುಡಿಸಲು ದಾರಿ ಮಾಡಿಕೊಟ್ಟಿತು. ಆಯುವ ಕೈ, ಕುಟ್ಟುವ ಕೈ, ಬೆಂಕಿ ಹಚ್ಚುವ ಕೈ ಎಲ್ಲವನ್ನೂ ಒಂದೇ ಸಲ ಕಟ್ಟಿಹಾಕಿದ ಮೇಲೆ ಊಟ ಉಳಿಯುವುದು ಕಷ್ಟ.

ಆದರೂ ಉಳಿಯಿತು. ಅಜ್ಜಿಯರು ಮನೆಗಳಲ್ಲಿ ಮಾಡುತ್ತಲೇ ಬಂದರು. ಯೊಸೆಮಿಟಿಯಲ್ಲಿ ಜೂಲಿಯಾ ಪಾರ್ಕರ್ ದಶಕಗಳ ಕಾಲ ಬುಟ್ಟಿ ಹೆಣೆಯುವುದನ್ನೂ ಏಕಾರ್ನ್ ಅಡುಗೆಯನ್ನೂ ಬಂದವರಿಗೆಲ್ಲ ತೋರಿಸಿಕೊಟ್ಟರು. ಬರ್ಕ್ಲಿಯಲ್ಲಿ ಓಲೋನಿ ಸಮುದಾಯದ ವಿನ್ಸೆಂಟ್ ಮೆಡೀನಾ ಮತ್ತು ಲೂಯಿಸ್ ಟ್ರೆವಿನೊ 2018ರಲ್ಲಿ ಕೆಫೆ ಓಲೋನಿ ಶುರುಮಾಡಿ ತಮ್ಮ ಹಿರಿಯರ ಊಟವನ್ನು ಮತ್ತೆ ಎಲೆಗೆ ತಂದರು. ಅದರಲ್ಲಿ ಏಕಾರ್ನ್ ಅಂಬಲಿಗೆ ಮೊದಲ ಮರ್ಯಾದೆ.

ಮರಕ್ಕೆ ಬಂದ ಕಾಯಿಲೆ

1990ರ ದಶಕದ ನಡುವಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯಲ್ಲಿ ಓಕ್ ಜಾತಿಯ ಮರಗಳು ಗುಂಪುಗುಂಪಾಗಿ ಸಾಯತೊಡಗಿದವು. 2000ರಲ್ಲಿ ಕಾರಣ ಗೊತ್ತಾಯಿತು, ಫೈಟಾಫ್ತೊರಾ ರಾಮೋರಮ್ ಎಂಬ ರೋಗಾಣು. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೆ ಈ ಕುಲ ಚೆನ್ನಾಗಿ ಗೊತ್ತು. ಅಡಿಕೆಯ ಕೊಳೆರೋಗ ತರುವುದೂ ಫೈಟಾಫ್ತೊರಾ ಕುಲದ್ದೇ ಇನ್ನೊಂದು ಜಾತಿ. ಎರಡಕ್ಕೂ ತೇವ ಬೇಕು. ಮಳೆ, ಗಾಳಿಯಲ್ಲಿ ಹರಡುತ್ತವೆ. ಇಲ್ಲಿ ಅದು ಮುಖ್ಯವಾಗಿ ಬೇ ಲಾರೆಲ್ ಎಂಬ ಪಕ್ಕದ ಮರದ ಎಲೆಗಳಲ್ಲಿ ಬೆಳೆಯುತ್ತದೆ. ಆ ಮರ ಸಾಯುವುದಿಲ್ಲ. ಅದರ ಎಲೆಯಿಂದ ತೊಟ್ಟಿಕ್ಕುವ ನೀರು ಓಕ್ ಕಾಂಡಕ್ಕೆ ತಾಗಿದರೆ ಓಕ್ ಸಾಯುತ್ತದೆ. ತೊಗಟೆಯಿಂದ ಕಡುಕೆಂಪು ಅಂಟು ಸೋರುವುದು ಮೊದಲ ಗುರುತು.

ದಕ್ಷಿಣದಲ್ಲಿ ಇನ್ನೊಂದು ಶತ್ರು. ಅರಿಜೋನಾದ ಕಡೆಯಿಂದ ಸೌದೆಯ ಜೊತೆ ಬಂದಿರಬಹುದಾದ ಒಂದು ಚಿನ್ನದ ಚುಕ್ಕೆಯ ಕಾಂಡಕೊರಕ ಸ್ಯಾನ್ ಡಿಯೇಗೋ ಕೌಂಟಿಯಲ್ಲಿ ಸಾವಿರಾರು ದೊಡ್ಡ ಮರಗಳನ್ನು ಕೊಂದಿದೆ. ಕ್ಯಾಂಪಿಂಗ್‌ಗೆ ಹೋಗುವಾಗ ಮನೆಯಿಂದ ಸೌದೆ ಒಯ್ಯಬೇಡಿ, ಅಲ್ಲೇ ಕೊಳ್ಳಿ ಎಂದು ಬೋರ್ಡ್ ಹಾಕಿರುವುದು ಇಂಥ ಕಾರಣಕ್ಕೇ. ಹಿತ್ತಲಲ್ಲಿ ಈ ಮರ ಇರುವವರಿಗೂ ಒಂದು ಮಾತು. ಬೇಸಿಗೆಯಲ್ಲಿ ಬುಡಕ್ಕೆ ನೀರು ಹಾಕಬೇಡಿ, ಬುಡದಲ್ಲಿ ಹುಲ್ಲುಹಾಸು ಬೆಳೆಸಬೇಡಿ. ಒಣ ಬೇಸಿಗೆಗೆ ಒಗ್ಗಿದ ಬೇರು ಬೆಚ್ಚಗಿನ ತೇವದಲ್ಲಿ ಕೊಳೆಯುತ್ತದೆ. ಪಾಲೊ ಆಲ್ಟೊ ಮುಂತಾದ ಊರುಗಳಲ್ಲಿ ಬೆಳೆದ ಮರವನ್ನು ಅನುಮತಿ ಇಲ್ಲದೆ ಕಡಿಯುವಂತೆಯೂ ಇಲ್ಲ.

ಮನೆಯಲ್ಲಿ ಮಾಡುವುದಾದರೆ

ಮಾಡಿ ನೋಡಬಹುದು. ನಿಮ್ಮ ಹಿತ್ತಲಿನ ಮರವಾದರೆ ಒಳ್ಳೆಯದು. ಪಾರ್ಕುಗಳಲ್ಲಿ ಆಯುವ ಮುಂಚೆ ಅಲ್ಲಿನ ನಿಯಮ ಕೇಳಿಕೊಳ್ಳಿ. ಔಷಧಿ ಹೊಡೆದ ಜಾಗದ್ದು, ವಾಹನ ಜಾಸ್ತಿ ಓಡಾಡುವ ರಸ್ತೆ ಬದಿಯದು ಬೇಡ. ಕಂದು ಬಣ್ಣಕ್ಕೆ ತಿರುಗಿದ, ತೂತಿಲ್ಲದ ಕಾಯಿ ಆಯ್ದು ಬಕೆಟ್ ನೀರಿಗೆ ಹಾಕಿ. ತೇಲಿದ್ದನ್ನು ಎಸೆಯಿರಿ, ಅದರಲ್ಲಿ ಹುಳ ತಿಂದ ಟೊಳ್ಳು ಇರುತ್ತದೆ. ಮುಳುಗಿದ್ದನ್ನು ಒರೆಸಿ, ಗಾಳಿಯಾಡುವ ಕಡೆ ಹರಡಿ, ಅಲ್ಲಾಡಿಸಿದರೆ ಒಳಗೆ ಗಲಗಲ ಎನ್ನುವವರೆಗೆ ಒಣಗಿಸಿ.

ಒಡೆದು, ತೆಳು ಸಿಪ್ಪೆ ತೆಗೆದು, ಕಪ್ಪಾದ ತಿರುಳನ್ನು ಬಿಟ್ಟು, ಉಳಿದದ್ದನ್ನು ನೀರು ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ದೊಡ್ಡ ಗಾಜಿನ ಜಾಡಿಗೆ ಹಾಕಿ, ಮೇಲೆ ನೀರು ತುಂಬಿ ಫ್ರಿಜ್‌ನಲ್ಲಿಡಿ. ಹಿಟ್ಟು ತಳಕ್ಕೆ ಇಳಿಯುತ್ತದೆ, ಮೇಲಿನ ನೀರು ಚಹಾ ಬಣ್ಣಕ್ಕೆ ಬರುತ್ತದೆ. ದಿನಕ್ಕೆ ಒಂದೆರಡು ಸಲ ಆ ನೀರನ್ನು ಮೆಲ್ಲಗೆ ಬಗ್ಗಿಸಿ ಹೊಸ ನೀರು ತುಂಬಿ, ಕಲಕಿ. ಒಂದು ವಾರ ಆಗಬಹುದು, ಹೆಚ್ಚೂ ಆಗಬಹುದು. ದಿನ ಎಣಿಸಬೇಡಿ, ರುಚಿ ನೋಡಿ. ಒಗರು ಪೂರ್ತಿ ಹೋದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ ಹಿಂಡಿ. ಒದ್ದೆ ಹಿಟ್ಟನ್ನು ಅಂದೇ ಬಳಸಿ, ಇಲ್ಲವೇ ಫ್ರೀಜರ್‌ಗೆ ಹಾಕಿ. ಒಣಗಿಸಿದ ಹಿಟ್ಟನ್ನೂ ತಣ್ಣಗಿನ ಕಡೆಯೇ ಇಡಬೇಕು, ಈ ಜಾತಿಯಲ್ಲಿ ಎಣ್ಣೆ ಹೆಚ್ಚಿರುವುದರಿಂದ ಹೊರಗಿಟ್ಟರೆ ಕಮಟು ವಾಸನೆ ಬರುತ್ತದೆ. ಬಾದಾಮಿ, ಗೋಡಂಬಿಯಂಥವು ಮೈಗೆ ಒಗ್ಗದವರು ಇದನ್ನು ತಿನ್ನದಿರುವುದೇ ಕ್ಷೇಮ.

ಮೊದಲ ಸಲ ರಾಗಿ ಅಂಬಲಿಯ ಹಾಗೆ ಗಂಟಾಗದಂತೆ ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ಕಾಯಿಸಿ. ರೊಟ್ಟಿ ಅಥವಾ ಚಪಾತಿಗೆ ಬಳಸುವುದಾದರೆ ಇದರಲ್ಲಿ ಗೋಧಿಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಇಲ್ಲ ಎಂಬುದು ನೆನಪಿರಲಿ. ಗೋಧಿಹಿಟ್ಟಿಗೆ ಕಾಲುಭಾಗದಷ್ಟು ಸೇರಿಸಿದರೆ ಸರಿಯಾಗಿ ಲಟ್ಟಿಸಲು ಬರುತ್ತದೆ. ಇಷ್ಟೆಲ್ಲ ಕೆಲಸಕ್ಕೆ ಬಿಡುವಿಲ್ಲ, ರುಚಿ ಮಾತ್ರ ನೋಡಬೇಕು ಎನ್ನುವವರಿಗೆ ಕೊರಿಯಾದವರ ಅಂಗಡಿಯಲ್ಲಿ ಒಗರು ತೆಗೆದ ಏಕಾರ್ನ್ ಪಿಷ್ಟದ ಪುಡಿ ಸಿಗುತ್ತದೆ. ಅದು ಬೇರೆ ಜಾತಿಯ ಓಕ್‌ನದು. 1 ಲೋಟ ಪುಡಿಗೆ 6 ಲೋಟ ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ, ಗಟ್ಟಿಯಾಗುವವರೆಗೆ ಕೈಬಿಡದೆ ತಿರುವಿ, ತಟ್ಟೆಗೆ ಸುರಿದು ಆರಲು ಬಿಡಿ. ಹೋಳು ಮಾಡಿ ಎಳ್ಳೆಣ್ಣೆ, ಸೋಯಾ ಸಾಸ್, ಹೆಚ್ಚಿದ ಈರುಳ್ಳಿ ಹೂವಿನ ಜೊತೆ ತಿನ್ನಬಹುದು.